ಧೃತಿಯೂ ಅವಹಿತ್ಥವೂ: ಶಿಶುಕಾವ್ಯದಲ್ಲಿ ಭಾವಶಿಕ್ಷಣದ ವಿಚಾರ

ಶಿಶುಕಾವ್ಯವೆಂದೊಡನೆ ನಮ್ಮ ವಿದ್ವಾಂಸರಲ್ಲಿ ಹಲವರು ಮುಗುಳ್ನಕ್ಕು ಸುಮ್ಮನಾಗುವುದು ವಾಡಿಕೆಯಾಗಿದೆ. ಪ್ರಾಸವಿಟ್ಟು ಹೆಣೆದ ನಾಲ್ಕು ಪಂಕ್ತಿಗಳಲ್ಲಿ ಲಕ್ಷಣಶಾಸ್ತ್ರಕ್ಕೆ ವಿಷಯವೇನಿದ್ದೀತೆಂದು ಅವರ ಅಭಿಪ್ರಾಯವಿರಬಹುದು. ಶಾಲೆಯ ಉಪಾಧ್ಯಾಯರಾದರೋ ಅದನ್ನು ನೀತಿಬೋಧೆಗೆ ಒದಗುವ ಒಂದು ಉಪಕರಣವೆಂದು ಮಾತ್ರ ಎಣಿಸುತ್ತಾರೆ. ಹೀಗೆ ಒಂದು ಕಡೆಯಲ್ಲಿ ಉಪೇಕ್ಷೆಯೂ ಇನ್ನೊಂದು ಕಡೆಯಲ್ಲಿ ಅತ್ಯುಪಯೋಗವೂ ಸೇರಿ, ಮುಖ್ಯವಾದ ಒಂದು ವಿಷಯವು ಮರೆಯಾಗಿದೆ. ಮಗುವು ತನ್ನ ಮನಸ್ಸಿನಲ್ಲಿ ಏಳುವ ಭಾವಗಳನ್ನು ಗುರುತಿಸಿ, ಅವುಗಳಿಗೆ ಹೆಸರಿಟ್ಟು, ಅವುಗಳ ವೇಗಕ್ಕೆ ಸಿಕ್ಕಿ ಕೊಚ್ಚಿಹೋಗದೆ ನಿಲ್ಲುವುದನ್ನು ಕಲಿಯುವುದಕ್ಕೆ ಕಾವ್ಯವೇ ಸಮೀಪದ ಮಾರ್ಗವೆಂಬುದು ಆ ವಿಷಯ. ಇದನ್ನು ಮೂರು ಪ್ರಸಿದ್ಧ ಕೃತಿಗಳ ಪರಿಶೀಲನೆಯಿಂದ ವಿದ್ವಜ್ಜನರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ತೊಡಗಿಸಿದ ಪ್ರಸಂಗವೊಂದನ್ನು ಮೊದಲು ನಿವೇದಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಪದ್ಯವಾಚನವನ್ನು ಕೇಳಲು ನನ್ನನ್ನು ಕರೆದಿದ್ದರು. ಎರಡನೆಯ ತರಗತಿಯ ಮಕ್ಕಳು 'ಗೋವಿನ ಹಾಡ'ನ್ನು ಹಾಡಿದರು. ತಾಯಿಯು ಕರುವಿನಿಂದ ಅಪ್ಪಣೆ ಪಡೆಯುವ ಭಾಗಕ್ಕೆ ಬಂದಾಗ ಹಿಂದಿನ ಸಾಲಿನ ಒಬ್ಬ ಹುಡುಗಿಯ ಕಂಠವು ತಡೆಯಿತು. ಕಣ್ಣಿನಲ್ಲಿ ನೀರು ಕಾಣಿಸಿಕೊಂಡಿತು. ಉಪಾಧ್ಯಾಯರು ಒಳ್ಳೆಯವರೇ, ಮೃದುವಾಗಿಯೇ, "ಅಳಬಾರದು ಪುಟ್ಟಿ, ಇದು ಬರಿಯ ಕಥೆಯಲ್ಲವೆ?" ಎಂದರು. ಹುಡುಗಿಯು ಕಣ್ಣೊರೆಸಿಕೊಂಡು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ನಕ್ಕಂತೆ ಮಾಡಿದಳು. ಹುಲಿಯ ಮರಣದೊಡನೆ ಹಾಡು ನಿಂತಿತು. "ಇದರ ನೀತಿ ಏನು?" ಎಂಬ ಪ್ರಶ್ನೆಗೆ, ಸತ್ಯವನ್ನೇ ನುಡಿಯಬೇಕೆಂದು ಎಲ್ಲರೂ ಒಂದೇ ಸ್ವರದಲ್ಲಿ ಉತ್ತರವಿತ್ತರು, ಆ ಹುಡುಗಿಯೂ ಇತ್ತಳು. ಸಭೆ ಮುಗಿದ ಮೇಲೆ ಅವಳು ನನ್ನ ಬಳಿಗೆ ಬಂದು ಮೆಲ್ಲನೆ, "ಅಜ್ಜಾ, ಆಮೇಲೆ ಕರುವಿಗೆ ಏನಾಯಿತು?" ಎಂದು ಕೇಳಿದಳು.

ಅವಳು ಕಿಟಕಿಯ ಕಡೆಗೆ ತಿರುಗಿದ ಆ ಚೇಷ್ಟೆಗೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರಿದೆ. ಭರತಮುನಿಯು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ 'ಅವಹಿತ್ಥ'ವೆಂಬುದೊಂದು. ಆಕಾರವನ್ನು ಮುಚ್ಚುವುದು ಅದರ ಸ್ವರೂಪ. ಲಜ್ಜೆ, ಭಯ, ಸೋಲು, ಹಿರಿಯರಲ್ಲಿರುವ ಗೌರವ, ಕೌಟಿಲ್ಯ ಮುಂತಾದವು ಅದಕ್ಕೆ ವಿಭಾವಗಳು. ಬೇರೆ ಮಾತನಾಡುವುದು, ಬೇರೆ ಕಡೆಗೆ ನೋಡುವುದು, ಮಾತನ್ನು ನಡುವೆ ನಿಲ್ಲಿಸುವುದು, ಕೃತಕವಾದ ಧೈರ್ಯವನ್ನು ತೋರುವುದು ಅನುಭಾವಗಳು. ಅದೇ ಪಟ್ಟಿಯಲ್ಲಿ 'ಧೃತಿ'ಯೆಂಬ ಇನ್ನೊಂದು ಭಾವವೂ ಇದೆ. ಧೃತಿಯೆಂದರೆ ನಿಜವಾದ ಸ್ಥೈರ್ಯ. ಒದಗಿದುದನ್ನು ಕಂಡು, ಕಳೆದುದಕ್ಕಾಗಿ ಕುಸಿಯದೆ ನಿಲ್ಲುವಿಕೆ. ಹೊರಗಿನಿಂದ ನೋಡುವವನಿಗೆ ಈ ಎರಡೂ ಒಂದೇ ತೆರನಾಗಿ ತೋರಬಹುದು: ಎರಡರಲ್ಲಿಯೂ ಮಗು ಅಳುತ್ತಿಲ್ಲ, ಕೂಗುತ್ತಿಲ್ಲ, ಕೈಕಟ್ಟಿ ಕುಳಿತಿದೆ. ಆದರೆ ಒಂದರಲ್ಲಿ ಭಾವವು ಪರಿಚಿತವಾಗಿ ಶಾಂತವಾಗಿದೆ. ಇನ್ನೊಂದರಲ್ಲಿ ಅಪರಿಚಿತವಾಗಿಯೇ ಉಳಿದು ಬಚ್ಚಿಟ್ಟುಕೊಂಡಿದೆ. ನಾವು ಶಾಲೆಗಳಲ್ಲಿ ಧೃತಿಯನ್ನು ಕಲಿಸುತ್ತಿದ್ದೇವೆಂದು ಭ್ರಮಿಸಿ ಅವಹಿತ್ಥವನ್ನು ಕಲಿಸುತ್ತಿದ್ದೇವೆಂಬುದೇ ನನ್ನ ಆಕ್ಷೇಪ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ರಸಭಾವಗಳ ವಿಚಾರವೆಲ್ಲ ಪರಿಣತನಾದ ಸಹೃದಯನನ್ನು ಕುರಿತದ್ದು. ಆರು ವರ್ಷದ ಮಗುವಿಗೂ ಅದಕ್ಕೂ ಏನು ಸಂಬಂಧ? ಸಮಾಧಾನವನ್ನು ಅಭಿನವಗುಪ್ತಾಚಾರ್ಯನೇ ಹೇಳಿಟ್ಟಿದ್ದಾನೆ. ಜೀವಿಯು ಹುಟ್ಟುವಾಗಲೇ ರತಿಶೋಕಾದಿ ಚಿತ್ತವೃತ್ತಿಗಳಿಂದ ಕೂಡಿಯೇ ಹುಟ್ಟುತ್ತದೆ, ಅವುಗಳ ವಾಸನೆಯಿಲ್ಲದ ಪ್ರಾಣಿಯಿಲ್ಲ, ಎಂಬುದು ಆತನ ಅಭಿಪ್ರಾಯ. ಹೀಗಿರುವಲ್ಲಿ ಮಗುವಿಗೆ ಕೊರತೆಯಾಗಿರುವುದು ಭಾವವಲ್ಲ, ಭಾವದ ಪರಿಚಯ. ಕೋಪವು ಬಂದಾಗ ಅದು ಕೋಪವೆಂದು ಮಗುವಿಗೆ ತಿಳಿಯದು; ಜಗತ್ತೇ ಕೆಟ್ಟದ್ದಾಗಿದೆಯೆಂದು ತಿಳಿಯುತ್ತದೆ. ಆ ಕೋಪವನ್ನೇ ಒಂದು ಹುಲಿಯಲ್ಲಿ ಕಂಡಾಗ, ಅದು ತನ್ನದೂ ಅಲ್ಲ, ತೀರ ಅನ್ಯರದೂ ಅಲ್ಲವೆಂಬ ನಿಲವಿನಿಂದ ನೋಡಲು ಸಾಧ್ಯವಾಗುತ್ತದೆ. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದ ವ್ಯಾಪಾರವು ದೊಡ್ಡವರಿಗೆ ಆಸ್ವಾದಕ್ಕೆ ದಾರಿಯಾದರೆ, ಮಕ್ಕಳಿಗೆ ಆತ್ಮಪರಿಚಯಕ್ಕೂ ದಾರಿಯಾಗುತ್ತದೆ.

ಇನ್ನು ಕೃತಿಗಳನ್ನು ನೋಡೋಣ. ಮೊದಲು ಪಂಜೆ ಮಂಗೇಶರಾಯರ (1874–1937) 'ನಾಗರಹಾವು' ಕುರಿತ ಗೀತ. ಮಗುವೊಂದು ಹಾವನ್ನು ಸಂಬೋಧಿಸಿ ಆಡುವ ಮಾತು ಅದು. ಮೊದಲು ಮಗುವು ಅದರ ಚೆಲುವಿಗೆ ಮರುಳಾಗಿ, ಕೈಮುಗಿದು, ಹಾಲು ಕೊಡುವೆನೆಂದು ಕರೆಯುತ್ತದೆ. ಆಮೇಲೆ ಹೆಡೆಯಲ್ಲಿರುವ ರತ್ನದ ಆಸೆಯನ್ನು ಹೇಳಿಕೊಳ್ಳುತ್ತದೆ. ಕೊನೆಗೆ ಹೊರಮೈಯ ತಂಪಿಗೂ ಒಳಗಿನ ಹಗೆಗೂ ಇರುವ ಅಂತರವನ್ನು ನೆನೆದು, ನಮಸ್ಕರಿಸಿ, ಹೋಗೆನ್ನುತ್ತದೆ. ಔತ್ಸುಕ್ಯ, ಲೋಭ, ಶಂಕೆ, ಭಯ ಎಂಬ ನಾಲ್ಕು ಮೆಟ್ಟಲುಗಳು ಕೆಲವೇ ಪಂಕ್ತಿಗಳಲ್ಲಿ ಮುಗಿದಿವೆ. ಕವಿಯು ಎಲ್ಲಿಯೂ 'ಹೆದರಬೇಡ' ಎಂದು ಉಪದೇಶಿಸಿಲ್ಲ. 'ಹೆದರು' ಎಂದೂ ಹೇಳಿಲ್ಲ. ಒಂದೇ ವಸ್ತುವಿನಲ್ಲಿ ಪ್ರೀತಿಯೂ ಭಯವೂ ಏಕಕಾಲದಲ್ಲಿ ಇರಬಹುದೆಂಬುದನ್ನು ಹಾಡಿನ ಕುಣಿತದಿಂದಲೇ ತೋರಿಸಿದ್ದಾನೆ. ಭಯವನ್ನು ಸಂಭಾಳಿಸುವ ಬಗೆಯೂ ಅದರಲ್ಲಿಯೇ ಅಡಗಿದೆ: ಮಗುವು ಹಾವನ್ನು ಹೊಡೆಯುವುದಿಲ್ಲ, ತಾನು ಚೀರಿ ಓಡುವುದಿಲ್ಲ, ಮರ್ಯಾದೆಯಿಂದ ದೂರ ಕಳುಹುತ್ತದೆ. ಇದು ಧೃತಿಯ ಶಿಶುರೂಪ. ಈ ಗೀತದಿಂದ 'ಹಾವು ಅಪಾಯಕರ ಪ್ರಾಣಿ' ಎಂಬ ನೀತಿಯನ್ನು ಮಾತ್ರ ಹಿಂಡಿ ತೆಗೆಯುವ ಉಪಾಧ್ಯಾಯನು ಹಾಲನ್ನು ಚೆಲ್ಲಿ ಪಾತ್ರೆಯನ್ನು ಕಾಯ್ದಿಟ್ಟಂತಾಗುವುದು.

ಎರಡನೆಯದು ಜಿ. ಪಿ. ರಾಜರತ್ನಂ ಅವರ 'ತುತ್ತೂರಿ'. ಬಣ್ಣದ ತಗಡಿನ ತುತ್ತೂರಿಯನ್ನು ಕೊಂಡ ಹುಡುಗನೊಬ್ಬನು ಅದು ತನಗೊಬ್ಬನಿಗೇ ಇರುವುದೆಂದು ಬೀಗುತ್ತಾನೆ. ಅದು ಕೊಳದ ನೀರಿಗೆ ಜಾರುತ್ತದೆ. ಎತ್ತಿ ಊದಿದರೆ ಸ್ವರ ಹೊರಡದು, ಬಣ್ಣವೂ ಕರಗಿಹೋಗಿದೆ. ಹರ್ಷ, ಗರ್ವ, ಆವೇಗ, ವಿಷಾದ, ಈ ಕ್ರಮವು ಎಷ್ಟು ನಿರ್ದುಷ್ಟವಾಗಿದೆಯೆಂದರೆ, ವ್ಯಭಿಚಾರಿಭಾವಗಳ ಉದಯ ಮತ್ತು ಶಾಂತಿಗಳಿಗೆ ಇದನ್ನೇ ಉದಾಹರಣೆಯಾಗಿ ಕೊಡಬಹುದು. ಊದಲು ಹೋಗಿ ಸ್ವರ ಕೆಡುವ ಸಂದರ್ಭದಲ್ಲಿ ಶಬ್ದಾನುಕರಣದಿಂದಲೇ ಹುಡುಗನ ನಿರಾಶೆಯನ್ನು ಧ್ವನಿಸಿರುವುದಂತೂ ಉತ್ತಮ ಕವಿಕರ್ಮ. ಆದರೆ ಇಲ್ಲಿ ನನಗೊಂದು ಆಕ್ಷೇಪವಿದೆ. ಕಟ್ಟಕಡೆಯಲ್ಲಿ ಕವಿಯು ಹುಡುಗನ ಜಂಬವನ್ನು ಹೆಸರಿಟ್ಟು ಹಾಸ್ಯಮಾಡುತ್ತಾನೆ. ತರಗತಿಯಲ್ಲಿ ಮಕ್ಕಳು ಎಲ್ಲಕ್ಕಿಂತ ಗಟ್ಟಿಯಾಗಿ ಕೂಗುವುದು ಆ ಪಂಕ್ತಿಯನ್ನೇ. ಕೂಗಿ, ತಮ್ಮಲ್ಲಿಯೇ ಒಬ್ಬನ ಕಡೆಗೆ ಬೆರಳು ತೋರುವುದನ್ನೂ ನಾನು ಕಂಡಿದ್ದೇನೆ. ಹಾಸ್ಯಕ್ಕೆ ಶಿಶುಕಾವ್ಯದಲ್ಲಿ ಸ್ಥಾನವಿಲ್ಲವೆಂದಲ್ಲ. ಇಲ್ಲಿಯ ಹಾಸ್ಯವು ಕವಿಯಲ್ಲಿ ಅಕ್ಕರೆಯಿಂದಲೇ ಹುಟ್ಟಿದುದು. ಆದರೆ ಗರ್ವವನ್ನು ಗುರುತಿಸಿದ ಮಗುವು ಅದರ ಬೆನ್ನಿಗೇ ಬಂದ ವಿಷಾದವನ್ನೂ ಗುರುತಿಸಬೇಕಾದರೆ ಉಪಾಧ್ಯಾಯನು ಆ ಕೊನೆಯ ಪಂಕ್ತಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದು, ಕೊಳದ ದಡದಲ್ಲಿ ನಿಂತ ಹುಡುಗನ ಮುಖವನ್ನು ತೋರಿಸಬೇಕು. ಅದನ್ನು ತೋರಿಸಿದರೆ ನಗುತ್ತಲೇ ಕರುಣೆ ಹುಟ್ಟುತ್ತದೆ. ತೋರಿಸದಿದ್ದರೆ, ಜಂಬವನ್ನು ಹೊರಗೆ ಕಾಣಿಸಿದರೆ ಇತರರು ನಗುವರೆಂಬ ಪಾಠ ಒಂದೇ ಉಳಿಯುತ್ತದೆ. ಅದೂ ಅವಹಿತ್ಥದ ಪಾಠವೇ.

ಮೂರನೆಯದು, ಪ್ರಕೃತ ವಿಚಾರಕ್ಕೆ ಮುಖ್ಯವಾದುದು, 'ಗೋವಿನ ಹಾಡು'. ಸತ್ಯಸಂಧಳಾದ ಗೋವಿನ ಈ ಕಥೆಗೆ ಸಂಸ್ಕೃತದಲ್ಲಿಯೂ ಬಂಧುಗಳಿವೆಯೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ಬರುವ ಗೋವಿನ ಹೆಸರು ನಂದೆ. ಅಲ್ಲಿಯ ಹುಲಿಯು ನಿಜವಾಗಿ ಪ್ರಭಂಜನನೆಂಬ ರಾಜ. ಮರಿಗೆ ಮೊಲೆಯೂಡುತ್ತಿದ್ದ ಹೆಣ್ಣುಜಿಂಕೆಯನ್ನು ಕೊಂದ ಪಾಪಕ್ಕಾಗಿ ಶಾಪದಿಂದ ಹುಲಿಯಾದವನು. ನಂದೆಯ ದೆಸೆಯಿಂದ ಅವನಿಗೆ ಶಾಪವಿಮೋಚನೆಯಾಗುತ್ತದೆ. ಕನ್ನಡದ ಜನಪದಕವಿಯು ಈ ಶಾಪದ ಕಥೆಯನ್ನು ಎತ್ತಲೇ ಇಲ್ಲ. ಅವನ ಅರ್ಬುತನು ಹುಟ್ಟಾ ಹುಲಿ, ಹಸಿದ ಹುಲಿ. ಅವನ ಮನಸ್ಸು ತಿರುಗುವುದಕ್ಕೆ ಪೂರ್ವಜನ್ಮದ ಯಾವ ಕಾರಣವೂ ಇಲ್ಲ. ಎದುರಿಗೆ ಬಂದು ನಿಂತ ಹಸುವೊಂದೇ ಕಾರಣ. ಪುರಾಣವು ದೈವಕ್ಕೆ ಬಿಟ್ಟ ಕೆಲಸವನ್ನು ಜನಪದಕವಿಯು ಭಾವಕ್ಕೆ ಒಪ್ಪಿಸಿದ್ದಾನೆ. ಈ ಒಂದು ಬದಲಾವಣೆಯಿಂದಲೇ ಇದು ಮಕ್ಕಳಿಗೆ ಸಲ್ಲುವ ಕಾವ್ಯವಾಯಿತೆಂದು ನನ್ನ ಮತ.

ಇದರ ಭಾವಕ್ರಮವನ್ನು ಪರಿಶೀಲಿಸಿರಿ. ಪುಣ್ಯಕೋಟಿಯು ಕರುವನ್ನು ನೆನೆದು ಹಿಗ್ಗಿನಿಂದ ಮನೆಗೆ ಬರುತ್ತಿರುವಾಗಲೇ ಹುಲಿಯು ಅಡ್ಡಗಟ್ಟುತ್ತದೆ. ಹಿಗ್ಗಿನ ಮೇಲೆ ಬಿದ್ದ ಭಯವಾದುದರಿಂದ ಅದು ಬರಿಯ ಭಯಕ್ಕಿಂತ ತೀಕ್ಷ್ಣವಾಗಿದೆ. ಆ ಭಯದಲ್ಲಿ ಅವಳು ಮಾಡುವುದೇನು? ಕೆಚ್ಚನ್ನು ನಟಿಸುವುದಿಲ್ಲ; ಕರುವಿದೆಯೆಂದು ತನ್ನ ಸಂಕಟವನ್ನು ಇದ್ದಂತೆಯೇ ಹೇಳಿಕೊಂಡು ಸ್ವಲ್ಪ ಕಾಲವನ್ನು ಬೇಡುತ್ತಾಳೆ. ದೊಡ್ಡಿಗೆ ಬಂದು ಕರುವಿಗೆ ಹಾಲೂಡುತ್ತಾಳೆ. ನಡೆದುದನ್ನು ಮರೆಮಾಚದೆ ತಿಳಿಸುತ್ತಾಳೆ. ಕರುವು ಇನ್ನು ತನಗೆ ಹಾಲೂಡುವವರಾರು, ಮಗ್ಗುಲಲ್ಲಿ ಮಲಗಿಸಿಕೊಳ್ಳುವವರಾರು ಎಂದು ಕೇಳುವಾಗ 'ಹಾಗೆ ಕೇಳಬಾರದು' ಎಂದು ಬಾಯಿ ಮುಚ್ಚಿಸುವುದಿಲ್ಲ. ಒಡಹುಟ್ಟಿನಂತಿರುವ ಹಸುಗಳನ್ನು ಕರೆದು, ತಬ್ಬಲಿಯಾಗುವ ಕಂದನನ್ನು ಹಾಯದೆ ಒದೆಯದೆ ನೋಡಿಕೊಳ್ಳಿರೆಂದು ಒಪ್ಪಿಸುತ್ತಾಳೆ. ಭಯವನ್ನು ಒಪ್ಪಿಕೊಳ್ಳುವುದು, ಅವಕಾಶವನ್ನು ಪಡೆಯುವುದು, ಮಾಡಬೇಕಾದ ಕೆಲಸವನ್ನು ಮಾಡುವುದು, ತನ್ನಿಂದಾಗದುದಕ್ಕೆ ಇತರರ ಸಹಾಯವನ್ನು ಬೇಡುವುದು: ಧೃತಿಗೆ ಇದಕ್ಕಿಂತ ಸ್ಫುಟವಾದ ವ್ಯಾಖ್ಯಾನವನ್ನು ನಾನು ಲಕ್ಷಣಗ್ರಂಥಗಳಲ್ಲಿಯೂ ಕಂಡಿಲ್ಲ. ಸತ್ಯವಾಕ್ಯವು ಈ ಕಾವ್ಯದ ಫಲವೆಂಬುದರಲ್ಲಿ ಸಂದೇಹವಿಲ್ಲ. ಕವಿಯೇ ಅದನ್ನು ಎತ್ತಿ ಹಾಡಿದ್ದಾನೆ. ಆದರೆ ಆ ಸತ್ಯವನ್ನು ಹೊತ್ತು ನಿಂತಿರುವುದು ಧೃತಿ. ಹೊರುವ ಕಂಬವನ್ನು ತೋರಿಸದೆ ಕಳಶವನ್ನು ಮಾತ್ರ ತೋರಿಸಿದರೆ ಮಗುವಿಗೆ ಮನೆ ಕಟ್ಟುವ ಬಗೆ ತಿಳಿಯುವುದೆಂತು?

ಇನ್ನು ಹುಲಿಯ ಮರಣದ ವಿಚಾರ. ಮಾತಿಗೆ ತಪ್ಪದೆ ಬಂದ ಗೋವನ್ನು ಕಂಡು, ಇವಳು ತನ್ನ ಒಡಹುಟ್ಟಿದವಳೆಂದು ಭಾವಿಸಿ, ಪಶ್ಚಾತ್ತಾಪದಿಂದ ಹುಲಿಯು ಹಾರಿ ನೆಗೆದು ಪ್ರಾಣ ಬಿಡುತ್ತದೆ. ಎಳೆಯ ಮಕ್ಕಳಿಗೆ ಇದನ್ನು ಹೇಗೆ ಹೇಳುವುದೆಂಬ ಪ್ರಶ್ನೆಗೆ ಎರಡು ಉತ್ತರಗಳನ್ನು ಕೇಳಿದ್ದೇನೆ. ಆ ಭಾಗವನ್ನು ತೆಗೆದುಹಾಕಿ, ಹುಲಿಯು ಕಾಡಿಗೆ ಮರಳಿತೆಂದು ತಿದ್ದಬೇಕೆನ್ನುವವರು ಕೆಲವರು. ಅದು ಮಹಾತ್ಯಾಗ, ಹಾಗೆಯೇ ಹೊಗಳಿ ಬೋಧಿಸಬೇಕೆನ್ನುವವರು ಕೆಲವರು. ಎರಡನ್ನೂ ನಾನು ಒಪ್ಪಲಾರೆನು. ಪಾಠವನ್ನು ತಿದ್ದುವ ಅಧಿಕಾರವು ಉಪಾಧ್ಯಾಯನಿಗೂ ಇಲ್ಲ, ಸಂಪಾದಕನಿಗೂ ಇಲ್ಲ. ಹಾಗೆಂದು, ತಪ್ಪಿಗೆ ಪ್ರಾಣತ್ಯಾಗವೇ ಪ್ರಾಯಶ್ಚಿತ್ತವೆಂಬ ಭಾವನೆಯನ್ನು ಎಂಟು ವರ್ಷದೊಳಗಿನ ಮಗುವಿನ ಮನಸ್ಸಿನಲ್ಲಿ ಬಿತ್ತುವುದು ಅಪಾಯಕರ. ಧನಂಜಯನು ದಶರೂಪಕದಲ್ಲಿ ಮರಣವನ್ನು ವ್ಯಭಿಚಾರಿಗಳಲ್ಲಿ ಎಣಿಸಿದರೂ, ಅದು ಪ್ರಸಿದ್ಧವೂ ಅನರ್ಥವೂ ಆದುದರಿಂದ ಅದನ್ನು ವಿವರಿಸುವುದಿಲ್ಲವೆಂದು ಬಿಟ್ಟುಬಿಡುತ್ತಾನೆ. ಈ ಔಚಿತ್ಯಪ್ರಜ್ಞೆಯು ನಮಗೆ ದಾರಿದೀಪವಾಗಬೇಕು. ಹುಲಿಯ ಪಶ್ಚಾತ್ತಾಪವು ಸರಿಯಾದುದು, ಹಾರಿದುದು ಅನುಕರಣೀಯವಲ್ಲ, ಅದಕ್ಕೆ ಬೇರೆ ದಾರಿಗಳಿದ್ದುವು. ಇಷ್ಟನ್ನು ಸ್ಪಷ್ಟವಾದ ಮಾತಿನಲ್ಲಿ ಹೇಳಿ, ಆ ದಾರಿಗಳಾವುವೆಂದು ಮಕ್ಕಳನ್ನೇ ಕೇಳಬಹುದು. ಪುರಾಣದ ಹುಲಿಯು ಸಾಯದೆ ಬಿಡುಗಡೆ ಹೊಂದಿದ ಕಥೆಯೂ ಕೈಯಲ್ಲಿರುವುದರಿಂದ ಅದನ್ನು ಇದರ ಪಕ್ಕದಲ್ಲಿಟ್ಟು ಹೇಳಬಹುದು. ಒಂದೇ ಕಾವ್ಯದಲ್ಲಿ ಗೋವು ತನ್ನ ಸಂಕಟವನ್ನು ಧೃತಿಯಿಂದ ನಡೆಸಿತು, ಹುಲಿಯು ತನ್ನ ಸಂಕಟವನ್ನು ಆವೇಗಕ್ಕೆ ಒಪ್ಪಿಸಿತು; ಈ ತಾರತಮ್ಯವೇ ಅಲ್ಲಿಯ ದೊಡ್ಡ ಪಾಠ.

ಆ ಹುಡುಗಿಯ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸುತ್ತೇನೆ. ದೀರ್ಘಪಾಠದಲ್ಲಿ ಹಾಡು ಹುಲಿಯ ಸಾವಿನೊಡನೆ ನಿಲ್ಲುವುದಿಲ್ಲ. ಪುಣ್ಯಕೋಟಿಯು ಮರಳಿ ಬಂದು ನಲಿದು ಕರುವಿಗೆ ಹಾಲೂಡುತ್ತಾಳೆ; ಗೊಲ್ಲನನ್ನು ಕರೆದು ಪ್ರತಿ ಸಂಕ್ರಾಂತಿಯಲ್ಲಿಯೂ ಕೃಷ್ಣನನ್ನು ಭಜಿಸಿರೆಂದು ಹೇಳುತ್ತಾಳೆ. ನಾನು ಕೇಳಿದ ತರಗತಿಯಲ್ಲಿ ಈ ಭಾಗವನ್ನು ಬಿಟ್ಟಿದ್ದರು. ನೀತಿ ದೊರೆತ ಮೇಲೆ ಕಥೆಯಿಂದೇನು ಪ್ರಯೋಜನವೆಂದು ಎಣಿಸಿರಬೇಕು. ಆದರೆ ಮಗುವು ಕಾದಿದ್ದುದು ನೀತಿಗಾಗಿಯಲ್ಲ, ಕರುವಿಗೆ ಹಾಲು ದೊರೆಯುವುದಕ್ಕಾಗಿ. ಎಬ್ಬಿಸಿದ ಶೋಕವನ್ನು ಇಳಿಸದೆ ಬಿಟ್ಟ ವಾಚನವು, ಔಚಿತ್ಯದೃಷ್ಟಿಯಿಂದಲೂ ಶಿಕ್ಷಣದೃಷ್ಟಿಯಿಂದಲೂ, ಅಪೂರ್ಣವಾದುದೇ. "ಅಮ್ಮ ಬಂದಳಮ್ಮ, ಹಾಲು ಕೊಟ್ಟಳು" ಎಂದು ನಾನು ಹೇಳಿದಾಗ ಆ ಹುಡುಗಿಯು ಮತ್ತೊಮ್ಮೆ ಅತ್ತಳು. ಈ ಸಲ ಕಿಟಕಿಯ ಕಡೆಗೆ ತಿರುಗಲಿಲ್ಲ.

ಈಚಿನ ಮನಶ್ಶಾಸ್ತ್ರಜ್ಞರ ಪರೀಕ್ಷೆಗಳೂ ಈ ವಿವೇಕಕ್ಕೆ ಅನುಕೂಲವಾಗಿಯೇ ಇವೆ. ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ ಎಂಬವರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದುಃಖದ ಚಿತ್ರವನ್ನು ನೋಡುತ್ತ ಮುಖದಲ್ಲಿ ಏನನ್ನೂ ತೋರಗೊಡದವರ ಒಳಗಿನ ದುಃಖವು ಕಡಿಮೆಯಾಗಲಿಲ್ಲ. ದೇಹದ ಉದ್ವೇಗವು ಮಾತ್ರ ಹೆಚ್ಚಿತು. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕೋಪ ಭಯಾದಿಗಳನ್ನು ತೋರುವ ಮುಖಗಳನ್ನು ನೋಡಿ ಆ ಭಾವಕ್ಕೆ ತಕ್ಕ ಹೆಸರನ್ನು ಆರಿಸಿದಾಗ, ಮೆದುಳಿನಲ್ಲಿ ಭಯಾದಿಗಳಿಗೆ ಸಂಬಂಧಪಟ್ಟ ಭಾಗದ ಕ್ಷೋಭೆಯು ಇಳಿಯಿತೆಂದು ಕಂಡುಬಂದಿತು. ಇವು ವಯಸ್ಕರ ಮೇಲೆ ನಡೆದ ಪರೀಕ್ಷೆಗಳಾದುದರಿಂದ ಮಕ್ಕಳಿಗೆ ಹಾಗೆಯೇ ಅನ್ವಯಿಸಲು ಆತುರಪಡಬಾರದು. ಆದರೂ ಮುಚ್ಚಿಟ್ಟ ಭಾವವು ಇಳಿಯದು, ಹೆಸರಿಟ್ಟ ಭಾವವು ಇಳಿಯುವುದೆಂಬ ಈ ಮಾತಿನಲ್ಲಿ ಅವಹಿತ್ಥ ಧೃತಿಗಳ ಭೇದವು ಇನ್ನೊಂದು ಭಾಷೆಯಲ್ಲಿ ಕೇಳಿಸುತ್ತದೆ. 2022ರ ಅಕ್ಟೋಬರಿನಲ್ಲಿ ಹೊರಬಂದ, 3ರಿಂದ 8 ವರ್ಷದ ಮಕ್ಕಳನ್ನು ಕುರಿತ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನಲ್ಲಿಯೂ, ಮಗುವು ತನ್ನ ಭಾವಗಳನ್ನು ಅರಿತು ನಿರ್ವಹಿಸುವುದನ್ನು ಒಂದು ಗುರಿಯಾಗಿ ಎಣಿಸಿದ್ದಾರೆ. ಗುರಿಯು ಸರಿಯಾಗಿದೆ. ಅದನ್ನು ಮುಟ್ಟಲು ಬೇಕಾದ ಸಾಮಗ್ರಿಯು ನಮ್ಮ ಕಾವ್ಯದಲ್ಲಿಯೂ ಶಾಸ್ತ್ರದಲ್ಲಿಯೂ ಇರುವಾಗ, ಭಾವಗಳ ಹೆಸರುಗಳನ್ನು ಪರಭಾಷೆಯ ಪಟ್ಟಿಗಳಿಂದ ತರ್ಜುಮೆಮಾಡಿ ಗೋಡೆಗೆ ಅಂಟಿಸಿದರೆ ಸಾಲದು.

ಮಮ್ಮಟಾಚಾರ್ಯನು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರು ಬಗೆಯಾಗಿ ತಿಳಿದನು. ಶಿಶುಕಾವ್ಯಕ್ಕಾಗಿ ನಾಲ್ಕನೆಯದೊಂದನ್ನು, ಜನನೀಸಂಮಿತವೆಂಬುದನ್ನು, ಸೇರಿಸಲು ಅಪ್ಪಣೆ ಬೇಡುತ್ತೇನೆ. ಬಿದ್ದು ಅಳುವ ಮಗುವಿಗೆ ತಾಯಿಯು ಮೊದಲು ನೀತಿಯನ್ನು ಹೇಳುವುದಿಲ್ಲ. ಏನಾಯಿತೆಂದು ಕೇಳುತ್ತಾಳೆ, ಎಲ್ಲಿ ನೋವೆಂದು ಮುಟ್ಟಿ ನೋಡುತ್ತಾಳೆ, ಹೆದರಿಕೆಯಾಯಿತೇ, ಸಿಟ್ಟು ಬಂತೇ ಎಂದು ಹೆಸರಿಡುತ್ತಾಳೆ, ಆಮೇಲೆ ಏಳಿಸಿ ನಡೆಸುತ್ತಾಳೆ. ವಿಭಾವ, ಅನುಭಾವ, ಭಾವ, ಧೃತಿ ಎಂಬ ಕ್ರಮವೇ ಇದು. ಪದ್ಯಪಾಠದಲ್ಲಿಯೂ ಉಪಾಧ್ಯಾಯನು ಈ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಲಿ: ಹಸುವಿಗೆ ಏನಾಯಿತು? ಅದರ ಮೈಯಲ್ಲಿ ಏನು ಕಂಡಿತು? ಅದಕ್ಕೆ ಏನೆನ್ನುತ್ತೇವೆ? ಆಮೇಲೆ ಅದು ಏನು ಮಾಡಿತು? ಎರಡನೆಯ ಪ್ರಶ್ನೆಗೆ ಸ್ತಂಭ, ಸ್ವೇದ, ಕಂಪ, ಅಶ್ರು ಮೊದಲಾದ ಎಂಟು ಸಾತ್ತ್ವಿಕಭಾವಗಳು ಉಪಾಧ್ಯಾಯನಿಗೆ ಒದಗುತ್ತವೆ. ಮಕ್ಕಳಿಗೆ ಮನೆಯ ಮಾತೇ ಸಾಕು. ಎದೆ ಝಲ್ಲೆಂದಿತು, ಕರುಳು ಚುರುಕ್ಕೆಂದಿತು, ಹೊಟ್ಟೆ ಉರಿಯಿತು, ಮುಖ ಬಾಡಿತು ಎಂದು ಭಾವವನ್ನು ಮೈಯಲ್ಲಿ ಗುರುತಿಸುವುದನ್ನು ಕನ್ನಡವು ತಾನಾಗಿಯೇ ಕಲಿಸುತ್ತದೆ. ಮೂರನೆಯ ಪ್ರಶ್ನೆಗೂ ನಮ್ಮ ಭಾಷೆ ಬಡವಲ್ಲ. ಮುನಿಸು ಅಕ್ಕರೆಯುಳ್ಳವರ ಮೇಲೆ ಬರುವುದು. ಸಿಟ್ಟು ಯಾರ ಮೇಲಾದರೂ ಬರುವುದು. ಹಗೆಯು ಆರದೆ ಹಳತಾದ ಸಿಟ್ಟು. ಅಮ್ಮನ ಮೇಲೆ ತನಗಿರುವುದು ಹಗೆಯಲ್ಲ, ಮುನಿಸು, ಎಂದು ತಿಳಿದ ಮಗುವಿಗೆ ಅರ್ಧ ಸಮಾಧಾನವು ಆಗಲೇ ದೊರೆತಂತೆ.

ನೀತಿಯನ್ನು ಕೇಳಲೇಬಾರದೆಂದು ನಾನು ಹೇಳುತ್ತಿಲ್ಲ. ಅದು ಐದನೆಯ ಪ್ರಶ್ನೆಯಾಗಲಿ. ಮೊದಲನೆಯದಾದರೆ ಮಕ್ಕಳು ನಾವು ಬಯಸಿದ ಉತ್ತರವನ್ನು ಕೊಟ್ಟು, ತಮ್ಮ ಕಣ್ಣೀರನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಶಿಶುಕಾವ್ಯವನ್ನು ಬರೆಯುವವರೂ ಕಲಿಸುವವರೂ ವಿಮರ್ಶಿಸುವವರೂ ಈ ಅಂಶವನ್ನು ಲಕ್ಷ್ಯದಲ್ಲಿಡಬೇಕೆಂಬುದೇ ನನ್ನ ವಿಜ್ಞಾಪನೆ. ದೋಷಗಳಿದ್ದಲ್ಲಿ ವಿದ್ವಾಂಸರು ತಿದ್ದಿ ಅನುಗ್ರಹಿಸಲಿ.